ಕಾಂಟ್‌ನನ್ನು ಓದಬೇಕೆ? ಹ್ಯೂಮ್‌ನಿಂದ ಶುರು ಮಾಡಿ

ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್‌ನ 'ಶುದ್ಧ ಬುದ್ಧಿಯ ವಿಮರ್ಶೆ' ಹೊರಬಂದದ್ದು 1781ರಲ್ಲಿ. ಅದನ್ನು ಉತ್ಸಾಹದಿಂದ ಹಿಡಿದ ಎಷ್ಟೋ ಜನ ಪೀಠಿಕೆ ದಾಟುವುದರೊಳಗೆ ಮುಚ್ಚಿಡುತ್ತಾರೆ. ಆ ಪುಸ್ತಕ ಒಂದು ಪ್ರಶ್ನೆಗೆ ಕೊಟ್ಟ ಉತ್ತರ. ಪ್ರಶ್ನೆಯೇ ಗೊತ್ತಿಲ್ಲದಿದ್ದರೆ ಉತ್ತರ ತಲೆಗೆ ಹತ್ತುವುದಾದರೂ ಹೇಗೆ?

ಕೇಳಿದವನು ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್. ಮಾನವ ಗ್ರಹಿಕೆಯನ್ನು ಕುರಿತ ಅವನ 1748ರ ಪುಸ್ತಕದಲ್ಲಿ 4, 5 ಮತ್ತು 7ನೇ ಅಧ್ಯಾಯ ಓದಿ. ಬಿಲಿಯರ್ಡ್ಸ್ ಮೇಜಿನ ಮೇಲೆ ಒಂದು ಚೆಂಡು ಉರುಳಿ ಬಂದು ಇನ್ನೊಂದಕ್ಕೆ ಬಡಿಯುತ್ತದೆ, ಎರಡನೆಯದು ಓಡುತ್ತದೆ. ನಿಮ್ಮ ಕಣ್ಣಿಗೆ ಬಿದ್ದದ್ದೆಷ್ಟು? ಮೊದಲ ಚಲನೆ, ತಾಗಿದ್ದು, ಎರಡನೆಯ ಚಲನೆ. ಅಷ್ಟೇ. ಆದರೆ ನಾವು 'ಅದು ಓಡಲೇಬೇಕು' ಅನ್ನುತ್ತೇವೆ. ಈ 'ಲೇಬೇಕು' ಎಲ್ಲಿ ಕಂಡಿತು? ಎರಡನೆಯ ಚೆಂಡು ಅಲುಗದೆ ಅಲ್ಲೇ ಉಳಿಯಿತು ಎಂದು ಕಲ್ಪಿಸಿಕೊಂಡರೆ ತರ್ಕಕ್ಕೇನೂ ವಿರೋಧವಿಲ್ಲ. ಅನುಭವ ಹೇಳುತ್ತದೆ ಅನ್ನೋಣವೆ? 'ಹಿಂದೆ ಆದದ್ದೇ ಮುಂದೆಯೂ ಆಗುತ್ತದೆ' ಎಂಬುದನ್ನೇ ಸಾಧಿಸಬೇಕಿರುವಾಗ ಅದನ್ನೇ ಆಧಾರ ಮಾಡಿಕೊಂಡಂತಾಯಿತು. ಹಾಗಾಗಿ ಹ್ಯೂಮ್ ರೂಢಿಯತ್ತ ಬೆರಳು ತೋರಿಸಿದ: ಮತ್ತೆ ಮತ್ತೆ ಕಂಡದ್ದನ್ನು ಮನಸ್ಸು ನಿರೀಕ್ಷಿಸಲು ಕಲಿಯುತ್ತದೆ.

ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. 'ಕಾರಣವೆಂಬುದೇ ಇಲ್ಲ' ಎಂದು ಹ್ಯೂಮ್ ಹೇಳಲೇ ಇಲ್ಲ. ಕಾರಣದ ಮೇಲಿನ ನಮ್ಮ ನಂಬಿಕೆಗೆ ಆಧಾರ ಯಾವುದು ಎಂದು ಕೇಳಿದ.

ಪರೀಕ್ಷಿಸದೆ ನಂಬುವ ನಿದ್ದೆಯಿಂದ ಹ್ಯೂಮ್ ತನ್ನನ್ನು ಎಬ್ಬಿಸಿದ ಎಂದು ಕಾಂಟ್ 1783ರ 'ಪ್ರೊಲೆಗೊಮೆನಾ'ದಲ್ಲಿ ಒಪ್ಪಿಕೊಳ್ಳುತ್ತಾನೆ. ನಿಮ್ಮ ಎರಡನೆಯ ಪುಸ್ತಕ ಇದೇ ಆಗಲಿ, ಚಿಕ್ಕದು. ಇಲ್ಲಿ ಎರಡು ಜೋಡಿಗಳನ್ನು ಬೇರೆ ಬೇರೆಯಾಗಿಡಿ. 'ಎಲ್ಲ ಕಾಯಗಳಿಗೂ ವಿಸ್ತಾರವಿದೆ' ವಿಶ್ಲೇಷಕ, ಏಕೆಂದರೆ ವಿಸ್ತಾರ, ಅಂದರೆ ಜಾಗ ತುಂಬುವುದು, ಕಾಯ (ಭೌತವಸ್ತು) ಎಂಬ ಕಲ್ಪನೆಯೊಳಗೇ ಇದೆ. 'ಕಾಯಗಳಿಗೆ ತೂಕವಿದೆ' ಸಂಶ್ಲೇಷಕ, ಹೊಸದೇನನ್ನೋ ಕೂಡಿಸುತ್ತದೆ. ಅನುಭವಪೂರ್ವ (ಅನುಭವವನ್ನು ಆಧರಿಸದೆ ತಿಳಿಯುವುದು), ಅನುಭವಾಧೀನ (ಅನುಭವದಿಂದಷ್ಟೇ ತಿಳಿಯುವುದು) ಎಂಬುದು ಬೇರೆಯದೇ ಜೋಡಿ. ಇವೆರಡನ್ನೂ ಒಂದೇ ಎಂದುಕೊಂಡರೆ 7+5=12 ಸಂಶ್ಲೇಷಕವೂ ಅನುಭವಪೂರ್ವವೂ ಹೌದೆಂಬ ಕಾಂಟ್‌ನ ಮಾತು ಅರ್ಥವೇ ಆಗುವುದಿಲ್ಲ. ಪ್ರತಿ ಘಟನೆಗೂ ಕಾರಣವಿದೆ ಎಂಬುದನ್ನೂ ಅವನು ಇದೇ ಗುಂಪಿಗೆ ಸೇರಿಸುತ್ತಾನೆ.

ಆಮೇಲೆ ದೊಡ್ಡ ಪುಸ್ತಕಕ್ಕೆ ಬನ್ನಿ: 1787ರ ಎರಡನೆಯ ಆವೃತ್ತಿಯ ಪೀಠಿಕೆ, ನಂತರ ನೇರವಾಗಿ 'ಎರಡನೆಯ ಸಾದೃಶ್ಯ', ಅಂದರೆ ಕಾರಣದ ಪ್ರಶ್ನೆಗೆ ಕಾಂಟ್ ಉತ್ತರ ಕೊಡುವ ಭಾಗ. ಮನೆಯನ್ನು ಸೂರಿನಿಂದ ಕೆಳಕ್ಕೂ ನೋಡಬಹುದು, ನೆಲದಿಂದ ಮೇಲಕ್ಕೂ ನೋಡಬಹುದು. ಹೊಳೆಯ ಹರಿವಿನೊಂದಿಗೆ ಸಾಗುವ ಹಡಗನ್ನು ಮಾತ್ರ ಮೊದಲು ಮೇಲ್ಭಾಗದಲ್ಲಿ, ಆಮೇಲೆ ಕೆಳಭಾಗದಲ್ಲಿ ಕಾಣಲೇಬೇಕು. ಕ್ರಮವನ್ನು ಹೀಗೆ ಕಟ್ಟಿಹಾಕುವ ನಿಯಮವಿಲ್ಲದೆ 'ಏನೋ ನಡೆಯಿತು' ಎಂಬ ಅನುಭವವೇ ಸಾಧ್ಯವಿಲ್ಲ ಎನ್ನುತ್ತಾನೆ ಕಾಂಟ್.

ನನ್ನ ಮಟ್ಟಿಗೆ ಆ ಶತಮಾನದ ಅತ್ಯಂತ ಸುಂದರ ವಾದ ಇದು. ಆದರೂ ಇದು ತೋರಿಸುವುದು ಪ್ರತಿ ಘಟನೆಗೂ ಯಾವುದೋ ಒಂದು ಕಾರಣ ಇರಬೇಕೆಂದು. ನಾಳೆಯೂ ಆ ಚೆಂಡು ಇವತ್ತಿನಂತೆಯೇ ಓಡುತ್ತದೆ ಎಂಬುದಕ್ಕೆ ಹ್ಯೂಮ್ ಕೇಳಿದ ಆಧಾರ ಇಲ್ಲಿ ಸಿಗುವುದಿಲ್ಲ.