ಸೂಸನ್‌ಳನ್ನು ಹೊರಗಿಟ್ಟು ಮುಗಿದ ನಾರ್ನಿಯಾ

ನಮಸ್ಕಾರ. ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಎಂಬ ಮಾಯಾನಾಡಿನ ಕಥಾಸರಣಿಯ ಏಳು ಪುಸ್ತಕಗಳು 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಹೊರಬಂದವು. ಕೊನೆಯದಾದ ‘ದಿ ಲಾಸ್ಟ್ ಬ್ಯಾಟಲ್’ಗೆ ಬ್ರಿಟನ್ನಿನಲ್ಲಿ ಮಕ್ಕಳ ಸಾಹಿತ್ಯಕ್ಕೆ ನೀಡುವ ಕಾರ್ನೆಗಿ ಪದಕ ದೊರೆಯಿತು. ಆದರೂ ಈ ಸರಣಿಯನ್ನು ಮನಸಾರೆ ಪ್ರೀತಿಸಿದ ಅನೇಕರಿಗೆ ಹೆಚ್ಚು ನೋವು ಕೊಟ್ಟ ಪುಸ್ತಕವೂ ಇದೇ. ಅಂತ್ಯವನ್ನು ಬಿಚ್ಚಿಡದೆ ಆ ನೋವಿನ ಕಾರಣವನ್ನು ವಿವರಿಸಲಾಗದು. ಇನ್ನೂ ಓದದವರು ಪುಸ್ತಕ ಮುಗಿಸಿ ಬಂದು ಈ ವಿಡಿಯೋ ನೋಡುವುದು ಒಳ್ಳೆಯದು.

[ತೆರೆಯ ಮೇಲೆ: ಸಿಂಹದ ಚರ್ಮ ಹೊದ್ದ ಕತ್ತೆಯ ರೇಖಾಚಿತ್ರ]

ಪುಸ್ತಕದ ಮೊದಲರ್ಧವು ಇಡೀ ಸರಣಿಯಲ್ಲೇ ಅತ್ಯಂತ ಬಿಗಿಯಾದ ಬರವಣಿಗೆ ಎಂದು ನಾನು ನಂಬಿದ್ದೇನೆ. ಶಿಫ್ಟ್ ಎಂಬ ಮುದಿ ವಾನರನು ಪಝಲ್ ಎಂಬ ಸಾಧು ಕತ್ತೆಗೆ ಸಿಂಹದ ಚರ್ಮ ಹೊದಿಸಿ, ನಾರ್ನಿಯಾದ ಒಡೆಯನಾದ ಸಿಂಹ ಆಸ್ಲಾನನೇ ಮರಳಿ ಬಂದಿದ್ದಾನೆಂದು ಜನರನ್ನು ನಂಬಿಸುತ್ತಾನೆ. ಪಂಚತಂತ್ರದಲ್ಲಿ ಹುಲಿಯ ಚರ್ಮ ಹೊದ್ದ ಕತ್ತೆ ಅರಚಿದೊಡನೆ ಗುಟ್ಟು ರಟ್ಟಾಗುತ್ತದೆ. ಇಲ್ಲಿ ಹಾಗಾಗುವುದಿಲ್ಲ. ರಾಜ ಟಿರಿಯನ್ ಆ ಕತ್ತೆಯನ್ನು ಬಿಡಿಸಿಕೊಂಡು, ಎಲ್ಲರೆದುರು ನಿಲ್ಲಿಸಿ ಮೋಸವನ್ನು ಬಯಲು ಮಾಡಬೇಕೆನ್ನುವಷ್ಟರಲ್ಲಿ, ಸಿಂಹದ ಚರ್ಮ ಹೊದ್ದ ಕತ್ತೆಯೊಂದು ಆಸ್ಲಾನನ ವೇಷದಲ್ಲಿ ಕಾಡಿನಲ್ಲಿ ಅಲೆಯುತ್ತಿದೆ ಎಂದು ಶಿಫ್ಟ್ ತಾನೇ ಸಾರಿಬಿಡುತ್ತಾನೆ. ಸುಳ್ಳಿಗೆ ಒಂದು ಹಿಡಿ ನಿಜ ಬೆರೆತ ಮೇಲೆ ಟಿರಿಯನ್‌ನ ಸಾಕ್ಷಿಯೇ ಅವನಿಗೆ ಮುಳುವಾಗುತ್ತದೆ. ಒಮ್ಮೆ ಮೋಸಹೋದ ಕುಬ್ಜರು ಇನ್ನು ನಿಜವಾದ ಆಸ್ಲಾನನನ್ನೂ ನಂಬುವುದಿಲ್ಲವೆನ್ನುತ್ತಾರೆ. ಸುಳ್ಳು ಬೆಳೆಯುವ ಬಗೆಯನ್ನು ಇಷ್ಟು ನಿಖರವಾಗಿ ತೋರಿಸಿದ ಲೇಖಕರೇ ಕೊನೆಯಲ್ಲಿ ಅಷ್ಟು ಅವಸರಪಟ್ಟರಲ್ಲ ಎಂಬುದು ನನ್ನ ಸಂಕಟ.

ನಾರ್ನಿಯಾದ ಮೇಲೆ ದಾಳಿಯಿಡುವ ಕ್ಯಾಲೋರ್ಮೆನ್ ನಾಡಿನ ಜನರನ್ನು ಕಪ್ಪು ಮೈಬಣ್ಣ, ಪೇಟ, ಬಾಗಿದ ಕತ್ತಿಗಳಿಂದ ಗುರುತಿಸಿ ಬಹುಪಾಲು ಕ್ರೂರಿಗಳನ್ನಾಗಿ ಚಿತ್ರಿಸಿರುವುದು ಒಂದು ನ್ಯಾಯವಾದ ಆಕ್ಷೇಪ. ಅವರಲ್ಲಿ ಎಮೆತ್ ಎಂಬ ಸಜ್ಜನನನ್ನು ಆಸ್ಲಾನ್ ಸ್ವೀಕರಿಸುವುದರಿಂದ ಅದು ತುಸು ಮಾತ್ರ ತಗ್ಗುತ್ತದೆ. ಆದರೆ ಪುಸ್ತಕದ ಆಳವಾದ ಗಾಯ ಸೂಸನ್. ಮೊದಲ ಪುಸ್ತಕದಲ್ಲಿ ಇಂಗ್ಲೆಂಡಿನಿಂದ ನಾರ್ನಿಯಾಕ್ಕೆ ಬಂದು ರಾಜರಾಣಿಯರಾದ ಪೀಟರ್, ಸೂಸನ್, ಎಡ್ಮಂಡ್, ಲೂಸಿ ಎಂಬ ನಾಲ್ವರು ಒಡಹುಟ್ಟಿದವರಲ್ಲಿ ಅವಳೂ ಒಬ್ಬಳು.

[ತೆರೆಯ ಮೇಲೆ: ಕೊಟ್ಟಿಗೆಯ ಬಾಗಿಲು, ಅದರಾಚೆ ಹಣ್ಣಿನ ಮರಗಳು]

ಶಿಫ್ಟ್ ಕತ್ತೆಯನ್ನು ಬಚ್ಚಿಟ್ಟಿದ್ದ ಕೊಟ್ಟಿಗೆಯ ಬಾಗಿಲು ದಾಟಿ, ಸಾವಿನಾಚೆಯ ಆಸ್ಲಾನನ ನಾಡನ್ನು ಹೊಕ್ಕ ಟಿರಿಯನ್‌ಗೆ ನಾರ್ನಿಯಾದ ಹಳೆಯ ರಾಜರಾಣಿಯರು ಎದುರಾಗುತ್ತಾರೆ. ಇಂಗ್ಲೆಂಡಿನ ರೈಲು ಅಪಘಾತವೊಂದರಲ್ಲಿ ತಾವು ಸತ್ತಿದ್ದೇವೆಂಬುದು ಅವರಿಗೆ ತಿಳಿಯುವುದು ಕಟ್ಟಕಡೆಯ ಪುಟದಲ್ಲಿ. ಸೂಸನ್ ಎಲ್ಲಿ ಎಂದು ಟಿರಿಯನ್ ಕೇಳಿದಾಗ, ಅವಳು ಇನ್ನು ನಾರ್ನಿಯಾದ ಗೆಳತಿಯಲ್ಲ ಎಂದು ಅಣ್ಣ ಪೀಟರ್ ಚುಟುಕಾಗಿ ಹೇಳುತ್ತಾನೆ. ಅವಳಿಗೆ ಈಗ ನೈಲಾನ್ ಕಾಲುಚೀಲ, ಲಿಪ್‌ಸ್ಟಿಕ್, ಔತಣದ ಕರೆಗಳಷ್ಟೇ ಬೇಕೆಂದು, ಇಂಗ್ಲೆಂಡಿನಿಂದಲೇ ಬಂದ ಇನ್ನೊಬ್ಬ ಹುಡುಗಿ ಜಿಲ್ ಸೇರಿಸುತ್ತಾಳೆ. ಮುಂದಿನ ಕ್ಷಣವೇ ಪೀಟರ್ ಆ ಮಾತನ್ನು ಬದಿಗೆ ಸರಿಸಿ, ಎದುರಿಗಿರುವ ಹಣ್ಣುಗಳ ರುಚಿ ನೋಡೋಣವೆನ್ನುತ್ತಾನೆ. ಮೊದಲ ಪುಸ್ತಕದಲ್ಲಿ, ಸಾಯಲು ಹೊರಟ ಆಸ್ಲಾನನ ಜೊತೆ ಇರುಳಿನಲ್ಲಿ ಅವನ ಕೇಸರದ ಮೇಲೆ ಕೈಯಿಟ್ಟು ನಡೆದವರು, ಅವನ ಶವದ ಬಳಿ ಬೆಳಗಿನವರೆಗೆ ಅತ್ತವರು, ಅವನು ಮತ್ತೆ ಎದ್ದುದನ್ನು ಮೊದಲು ಕಂಡವರು ಲೂಸಿ ಮತ್ತು ಸೂಸನ್. ಅಂಥವಳಿಗೆ ಕೊನೆಯ ಪುಸ್ತಕದಲ್ಲಿ ತನ್ನ ಪರವಾಗಿ ಆಡಲು ಒಂದು ಮಾತೂ ಇಲ್ಲ.

ಈ ಪುಟಗಳನ್ನು ಓದುವಾಗಲೆಲ್ಲ ನನಗೆ ಧರ್ಮರಾಯ ನೆನಪಾಗುತ್ತಾನೆ. ಮಹಾಪ್ರಸ್ಥಾನದಲ್ಲಿ ದ್ರೌಪದಿ ಕುಸಿದಾಗ, ಅರ್ಜುನನ ಮೇಲೆ ಅವಳಿಗಿದ್ದ ಪಕ್ಷಪಾತವೇ ಇದಕ್ಕೆ ಕಾರಣವೆಂದು ಭೀಮನಿಗೆ ಹೇಳಿ ಅವನೂ ಹಿಂತಿರುಗಿ ನೋಡದೆ ನಡೆಯುತ್ತಾನೆ. ಆದರೆ ಮಹಾಭಾರತ ಅಲ್ಲಿಗೆ ನಿಲ್ಲುವುದಿಲ್ಲ. ಸ್ವರ್ಗದಲ್ಲಿ ದ್ರೌಪದಿಯೂ ತಮ್ಮಂದಿರೂ ಕಾಣದಿದ್ದಾಗ, ಅವರಿರುವಲ್ಲಿಗೇ ತನ್ನನ್ನು ಕರೆದೊಯ್ಯಬೇಕೆಂದು ಹಟಹಿಡಿದು, ನರಕದ ಕತ್ತಲಲ್ಲಿ ಅವರ ದನಿ ಕೇಳಿ, ತಾನೂ ಅಲ್ಲಿಯೇ ಉಳಿಯುವೆನೆನ್ನುತ್ತಾನೆ. ಪೀಟರ್, ಎಡ್ಮಂಡ್, ಲೂಸಿ ಮೂವರಲ್ಲಿ ಒಬ್ಬರಾದರೂ ಸೂಸನ್‌ಗಾಗಿ ಹಾಗೆ ಒಂದು ಗಳಿಗೆ ನಿಂತಿದ್ದರೆ, ಅವಳು ಬಾರದಿದ್ದರೂ ಈ ಅಂತ್ಯವನ್ನು ಒಪ್ಪಿಕೊಳ್ಳಬಹುದಿತ್ತು.

ಈ ಕೊರತೆ ಮಕ್ಕಳ ಕಣ್ಣಿಗೂ ಬಿದ್ದಿತ್ತು. 1957ರಲ್ಲಿ ಒಬ್ಬ ಬಾಲಕನಿಗೆ ಬರೆದ ಪತ್ರದಲ್ಲಿ ಲೂಯಿಸ್, ಸೂಸನ್ ಇನ್ನೂ ಬದುಕಿದ್ದಾಳೆ, ತಿದ್ದಿಕೊಳ್ಳಲು ಅವಳಿಗೆ ಬೇಕಾದಷ್ಟು ಕಾಲವಿದೆ, ತನ್ನದೇ ದಾರಿಯಲ್ಲಿ ಅವಳು ಆಸ್ಲಾನನ ನಾಡನ್ನು ಸೇರಬಹುದು ಎಂದು ಸಮಾಧಾನ ಹೇಳಿದರು. 1960ರ ಇನ್ನೊಂದು ಪತ್ರದಲ್ಲಿ, ಅವಳ ಪಯಣದ ಕಥೆ ತಾವು ಬರೆಯಬಯಸಿದ್ದಕ್ಕಿಂತ ದೀರ್ಘವಾಗಿ, ದೊಡ್ಡವರ ಕಾದಂಬರಿಯಂತೆ ಆದೀತೆಂದು ಹೇಳಿ, ನೀವೇ ಏಕೆ ಬರೆಯಬಾರದು ಎಂದು ಓದುಗರನ್ನೇ ಕೇಳಿದರು. 1963ರಲ್ಲಿ ಅವರು ತೀರಿಕೊಂಡರು. 2004ರಲ್ಲಿ ನೀಲ್ ಗೈಮನ್ ಬರೆದ ಸಣ್ಣಕಥೆಯೊಂದರಲ್ಲಿ, ಸೂಸನ್‌ಳನ್ನೇ ಹೋಲುವ ವೃದ್ಧ ಪ್ರಾಧ್ಯಾಪಕಿಯೊಬ್ಬಳು, ರೈಲು ಅಪಘಾತದಲ್ಲಿ ಸತ್ತ ತನ್ನ ಒಡಹುಟ್ಟಿದವರ ಶವಗಳನ್ನು ಗುರುತಿಸಲು ಒಬ್ಬಳೇ ಹೋಗಿದ್ದ ದಿನವನ್ನು ನೆನೆಯುತ್ತಾಳೆ.