ನಾಲೇಲಿ ತೇಲಿ ಬಂದು ತೂಬಲ್ಲಿ ಇಳಿಯೋ ಕೋಶಗಳು

ನಮಸ್ಕಾರ. ನಮ್ಮ ಮಂಡ್ಯ ಕಡೆ ಕೋಳಿ ಅಂದ್ರೆ ಮೊದ್ಲು ನೆನಪಾಗೋದು ಸಾರು, ಆದ್ರೆ ಇವತ್ತು ನಾನು ಹೇಳೋದು ಸಾರಿಗಿಂತ ಬಹಳ ಮುಂಚಿನ ಕಥೆ, ಮೊಟ್ಟೆಯೊಳಗೆ ಮೊದಲ ಮೂರು ದಿನ ಏನಾಗುತ್ತೆ ಅನ್ನೋದು.

ನಮ್ಮಜ್ಜಿ ಕಾವಿಗೆ ಇಟ್ಟ ಮೊಟ್ಟೆನ ವಾರ ಆದ್ಮೇಲೆ ಕತ್ತಲೆ ಕೋಣೇಲಿ ಬ್ಯಾಟ್ರಿ ಬೆಳಕಿಗೆ ಹಿಡ್ದು ನೋಡೋದು, ಒಳಗೆ ಕೆಂಪು ಎಳೆ ಕಂಡ್ರೆ ವಾಪಸ್ ಹೇಂಟೆ ಕೆಳಗೆ, ಇಲ್ಲಾಂದ್ರೆ ತಿಪ್ಪೆಗೆ. ಆ ಎಳೆ ರಕ್ತನಾಳ. ಅದ್ರಲ್ಲಿ ಒಂದಷ್ಟು ಹೊತ್ತು ರಕ್ತದ ಜೊತೆ ಬೇರೇನೋ ಓಡಾಡುತ್ತೆ ಅಂತ ನಂಗೆ ಗೊತ್ತಾಗಿದ್ದು ಮೈಸೂರಿಗೆ ಎಂಎಸ್ಸಿ ಓದೋಕೆ ಬಂದ್ಮೇಲೆ. ಎರಡೂವರೆ ದಿನ ಇನ್‌ಕ್ಯುಬೇಟರಲ್ಲಿದ್ದ ಮೊಟ್ಟೆ, ಸಣ್ಣ ಕತ್ರೀಲಿ ಚಿಪ್ಪಿಗೊಂದು ಕಿಟಕಿ ಕೊರೆದ್ರೆ ಹಳದಿ ಮೇಲೊಂದು ಪುಟಾಣಿ ಕೆಂಪು ಚುಕ್ಕೆ, ಪಟಪಟ ಬಡ್ಕೋತಾ ಇದೆ, ಹೃದಯ! ಒಂದು ಹನಿ ರಕ್ತ ಸ್ಲೈಡಿಗೆ ಹಾಕಿ ಕಣ್ಣು ನೋಯೋವರೆಗೂ ಹುಡುಕಿದ್ಮೇಲೆ ಸಿಕ್ತು ನೋಡಿ, ಕೆಂಪು ಕಣಗಳ ಮಧ್ಯೆ ದಪ್ಪಗೆ, ಗುಂಡಗೆ, ಒಳಗೆಲ್ಲ ತರಿತರಿಯಾಗಿರೋ ಒಂದೇ ಒಂದು ಕೋಶ. ಪ್ರೈಮಾರ್ಡಿಯಲ್ ಜರ್ಮ್ ಸೆಲ್ ಅಂತಾರೆ, ನಾನು ಬೀಜಕೋಶ ಅಂತೀನಿ. ಮುಂದೆ ಆ ಕೋಳಿಯ ಮೊಟ್ಟೆನೋ ವೀರ್ಯಾಣುನೋ ಆಗೋದು ಇದೇ.

ಇದು ರಕ್ತದಲ್ಲಿ ಯಾಕಿದೆ? ಮೊದಲ ದಿನ ಇವೆಲ್ಲ ತಲೆ ಬರೋ ಜಾಗದ ಮುಂದೆ ಅರ್ಧಚಂದ್ರಾಕಾರದ ಪಟ್ಟೀಲಿ ಗುಂಪಾಗಿ ಕೂತಿರ್ತವೆ, ಸೇರ್ಬೇಕಾಗಿರೋದು ಹೊಟ್ಟೆ ಒಳಗೆ ಬೆನ್ನಿನ ಕಡೆಗೆ. ಇಲಿ, ಮನುಷ್ಯರಲ್ಲಿ ಇವು ಕರುಳಿನ ಪಕ್ಕ ತೆವಳ್ಕೊಂಡು ಹೋಗ್ತವೆ, ಹಕ್ಕೀಲಿ ಮಾತ್ರ ಹೊಸದಾಗಿ ತೆರೆದ ರಕ್ತನಾಳಕ್ಕೆ ಧುಮುಕಿಬಿಡ್ತವೆ. ಕೆಆರ್‌ಎಸ್ ನೀರು ವಿಸಿ ನಾಲೇಲಿ ಬಂದು ಅವರವರ ತೂಬಲ್ಲಿ ಗದ್ದೆಗೆ ಇಳಿಯಲ್ವಾ, ಹಂಗೆ. ಆದ್ರೆ ನೀರಿಗೆ ಸೌಡಿ, ಅಂದ್ರೆ ನಾಲೆ ನೀರು ಬಿಡೋನು, ತೂಬು ಎತ್ತಬೇಕು, ಇವಕ್ಕೆ ಯಾರೂ ಬೇಡ, ರಕ್ತನಾಳದಿಂದ ಆಚೆ ಬಂದ್ಮೇಲೆ ಎಸ್‌ಡಿಎಫ್-1 ಅನ್ನೋ ಪ್ರೋಟೀನಿನ ಜಾಡು ಹಿಡ್ಕೊಂಡು ಅಂಡಾಶಯನೋ ವೃಷಣನೋ ಆಗೋ ದಿಬ್ಬ ಸೇರ್ತವೆ. ಈ ರಕ್ತದ ದಾರೀನ ಸ್ವಿಫ್ಟ್ ಅನ್ನೋ ವಿಜ್ಞಾನಿ 1914ರಲ್ಲೇ ಬರೆದಿಟ್ರು, ಪ್ರೋಟೀನಿನ ಪಾತ್ರ ಗೊತ್ತಾಗಿದ್ದು 2004ರಲ್ಲಿ. ಎಡಗಡೆಗೇ ಜಾಸ್ತಿ ಹೋಗ್ತವೆ ಇವು, ಕೋಳಿ ಕ್ಲೀನ್ ಮಾಡಿರೋರಿಗೆ ಗೊತ್ತಲ್ಲ, ಹೇಂಟೆಗೆ ಮೊಟ್ಟೆಗೊನೆ ಎಡಕ್ಕೊಂದೇ.

ಇದರಿಂದ ಏನುಪಯೋಗ ಅಂತೀರಾ? ಕೋಳಿಮೊಟ್ಟೆನ ಫ್ರೀಜ್ ಮಾಡಿ ತಳಿ ಉಳಿಸೋಕಾಗಲ್ಲ, ಅಷ್ಟು ಹಳದಿ ತುಂಬಿರುತ್ತೆ. ಅದಕ್ಕೇ ಈ ಬೀಜಕೋಶಗಳನ್ನ ದ್ರವ ನೈಟ್ರೋಜನ್‌ನಲ್ಲಿಟ್ಟು, ಬೇಕಾದಾಗ ಬೇರೆ ತಳಿಯ ಭ್ರೂಣದ ರಕ್ತಕ್ಕೆ ಚುಚ್ಚಿದ್ರೆ ಅವೇ ದಾರಿ ಹುಡ್ಕೊಂಡು ಹೋಗ್ತವೆ. ಡಾಲಿ ಕುರಿ ಹುಟ್ಟಿದ ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೇಲಿ ಹಿಂಗೇ ಒಂದು ತಳಿಯ ಕೋಳಿ ಹೊಟ್ಟೇಲಿ ಇನ್ನೊಂದು ತಳಿಯ ಮೊಟ್ಟೆ ಬರ್ಸಿ ಮರಿ ಮಾಡಿದಾರೆ.

ನಮ್ಮಜ್ಜಿ ಇದ್ದಿದ್ರೆ ಇಷ್ಟೆಲ್ಲ ಕೇಳ್ಬಿಟ್ಟು, "ಬಾತುಕೋಳಿ ಮೊಟ್ಟೆಗೂ ನಮ್ಮ ಹೇಂಟೆನೇ ಕಾವು ಕೂತ್ಕಳಕಿಲ್ವೇನ್ಲಾ, ಅದ್ರಲ್ಲೇನ್ ಇಸೇಸ" ಅನ್ನೋದು.