ಗರಾಂಡ್ ರೈಫಲ್‌ಗೆ ಸೀಸದ ಗುಂಡು: ಮೊದಲನೇದು ಹಾರುತ್ತದೆ, ಎರಡನೇದು ಬರುತ್ತಾ?

[ಮೇಜಿನ ಮೇಲೆ ಒಂದು ಅಚ್ಚುಮೊಳೆ. ಕ್ಯಾಮೆರಾ ತೀರಾ ಹತ್ತಿರ.]

ಇದು ಸೀಸದ ಅಚ್ಚುಮೊಳೆ. ಆಫ್‌ಸೆಟ್ ಮುದ್ರಣ ಬರುವ ಮುಂಚೆ ನಮ್ಮ ತುಮಕೂರಿನ ಲಗ್ನಪತ್ರಿಕೆ, ಜಾತ್ರೆ ಪಾಂಪ್ಲೆಟ್, ಸೊಸೈಟಿ ರಸೀದಿ ಪುಸ್ತಕ, ಎಲ್ಲವೂ ಇಂಥ ಮೊಳೆಗಳಿಂದಲೇ ಅಚ್ಚಾಗುತ್ತಿದ್ದವು. ಆದರೆ ಇವತ್ತಿನ ವಿಡಿಯೋ ರೈಫಲ್ ಬಗ್ಗೆ. ಮೊಳೆ ಯಾಕೆ ತಂದೆ ಅಂತ ಸ್ವಲ್ಪ ಹೊತ್ತಲ್ಲೇ ಗೊತ್ತಾಗುತ್ತದೆ. ಎದ್ದು ಹೋಗಬೇಡಿ.

ಪ್ರಶ್ನೆ ಕೇಳಿದ್ದು ಶಿರಾ ಕಡೆಯ ಒಬ್ಬ ಎನ್‌ಸಿಸಿ ಹುಡುಗ. "ಸಾರ್, ಕ್ಯಾಂಪ್‌ನಲ್ಲಿ ನಾವು ಹೊಡೆಯೋ .22 ಗುಂಡು ಬರೀ ಸೀಸ. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ಗರಾಂಡ್ ರೈಫಲ್‌ಗೂ ಜನ ಮನೆಯಲ್ಲೇ ಸೀಸ ಕಾಯಿಸಿ ಗುಂಡು ಎರಕ ಹೊಯ್ಯುತ್ತಾರಂತೆ. ಅಷ್ಟು ಜೋರಿನ ರೈಫಲ್‌ಗೆ ಅದು ಆಗುತ್ತಾ?"

ಆಗುತ್ತದೆ. ಆದರೆ ಅದಕ್ಕೆ ಆ ರೈಫಲ್ ಒಪ್ಪಬೇಕು. ಅದು ಅಷ್ಟು ಸುಲಭಕ್ಕೆ ಒಪ್ಪುವ ಗಿರಾಕಿ ಅಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತು. ಅಮೆರಿಕದಲ್ಲಿ ಇದು ಹವ್ಯಾಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. 2019ರ ತಿದ್ದುಪಡಿ ಆದ ಮೇಲೆ ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಹೋಗಬಹುದು. ತೋಟದ ಕಾವಲಿಗೆ ಲೈಸೆನ್ಸ್ ಬಂದೂಕು ಇಟ್ಟುಕೊಂಡಿರುವ ಅಣ್ಣಂದಿರೇ, ಆ ಲೈಸೆನ್ಸ್ ಬಂದೂಕು ಇಟ್ಟುಕೊಳ್ಳೋಕೆ, ಗುಂಡು ತಯಾರಿಸೋಕೆ ಅಲ್ಲ. ಹಾಗಾಗಿ ಯಾವ ಮದ್ದು, ಎಷ್ಟು ಮದ್ದು ಅನ್ನುವ ಲೆಕ್ಕ ಈ ವಿಡಿಯೋದಲ್ಲಿ ಇಲ್ಲ. ಯಾಕೆ, ಹೇಗೆ ಅನ್ನುವುದಷ್ಟೇ ಇದೆ. ಮಜಾ ಇರುವುದೂ ಅದರಲ್ಲೇ.

[ಸ್ಕ್ರೀನ್ ಮೇಲೆ ಗರಾಂಡ್ ರೈಫಲ್ ಚಿತ್ರ]

ಗರಾಂಡ್ ಪರಿಚಯ ಬೇಗ ಮುಗಿಸುತ್ತೇನೆ. ಜಾನ್ ಗರಾಂಡ್, ಹುಟ್ಟಿದ್ದು ಕೆನಡಾದ ಕ್ವಿಬೆಕ್, ಕೆಲಸ ಮಾಡಿದ್ದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲಿ. ಅವರ ರೈಫಲನ್ನು ಅಮೆರಿಕದ ಸೇನೆ 1936ರಲ್ಲಿ ಒಪ್ಪಿಕೊಂಡಿತು. ತೂಕ ನಾಲ್ಕು ಕಿಲೋಗಿಂತ ಜಾಸ್ತಿ. ಎಂಟು ಗುಂಡಿನ ಕ್ಲಿಪ್ ಒಳಗೆ ತಳ್ಳಬೇಕು, ಎಂಟೂ ಮುಗಿದರೆ ಕ್ಲಿಪ್ 'ಟಿಂಗ್' ಅಂತ ಹೊರಗೆ ಹಾರುತ್ತದೆ. ಆ ಸದ್ದಿನ ಬಗ್ಗೆಯೇ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ವಿಡಿಯೋ ಇವೆ, ನಾನು ಇನ್ನೊಂದು ಮಾಡುವುದಿಲ್ಲ.

ನಮಗೆ ಬೇಕಿರುವುದು ಒಂದೇ ವಿಷಯ. ಇದು ಸೆಮಿ ಆಟೋಮ್ಯಾಟಿಕ್. ಒಂದು ಗುಂಡು ಹಾರಿದ ಮೇಲೆ ಖಾಲಿ ಕೇಸನ್ನು, ಅಂದರೆ ಮದ್ದು ತುಂಬಿದ್ದ ಹಿತ್ತಾಳೆ ಕೊಳವೆಯನ್ನು, ಹೊರಗೆ ಎಸೆದು ಮುಂದಿನದನ್ನು ತಾನೇ ತುಂಬಿಕೊಳ್ಳುತ್ತದೆ. ಅದಕ್ಕೆ ಬೇಕಾದ ಶಕ್ತಿ ಎಲ್ಲಿಂದ ಬರುತ್ತದೆ?

[ನಳಿಗೆಯ ತುದಿಯ ಅಡ್ಡಸೀಳು ಚಿತ್ರ. ಬಾಣದ ಗುರುತು ಸಣ್ಣ ರಂಧ್ರದ ಕಡೆ.]

ಇಲ್ಲಿಂದ. ನಳಿಗೆಯ ತುದಿ ಇನ್ನು ಒಂದೂವರೆ ಇಂಚು ಇದೆ ಅನ್ನುವಾಗ, ಅಡಿಭಾಗದಲ್ಲಿ ಒಂದು ತೂತು. ಅಗಲ ಬರೀ 2 ಮಿಲಿಮೀಟರ್. ಗುಂಡು ಈ ತೂತನ್ನು ದಾಟಿದ ತಕ್ಷಣ, ಅದರ ಹಿಂದೆ ಇರುವ ಬಿಸಿ ಗ್ಯಾಸ್ ತೂತಿನೊಳಗೆ ನುಗ್ಗಿ, ಕೆಳಗಿರುವ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಪಿಸ್ಟನ್ ಒಂದು ಉದ್ದನೆಯ ಕಂಬಿಯ ಮೂತಿ. ಆ ಕಂಬಿಗೆ ಆಪರೇಟಿಂಗ್ ರಾಡ್ ಅಂತ ಹೆಸರು. ಆ ರಾಡ್ ಹೋಗಿ ಬೋಲ್ಟ್, ಅಂದರೆ ನಳಿಗೆಯ ಹಿಂಬದಿಯನ್ನು ಮುಚ್ಚಿರುವ ಅಗಳಿ, ತೆರೆಯುತ್ತದೆ.

ಈಗ ಲೆಕ್ಕ ಹಾಕಿ. ಸೇನೆಯ ಗುಂಡಿನ ವೇಗ ಸೆಕೆಂಡಿಗೆ 830 ಮೀಟರ್ ಆಸುಪಾಸು. ತೂತಿನಿಂದ ನಳಿಗೆಯ ಬಾಯಿಗೆ ನಾಲ್ಕು ಸೆಂಟಿಮೀಟರ್ ಕೂಡ ಇಲ್ಲ. ಅಂದರೆ ಗುಂಡು ತೂತು ದಾಟಿ ಹೊರಗೆ ಹೋಗುವುದಕ್ಕೆ ಹಿಡಿಯುವ ಸಮಯ, ಒಂದು ಸೆಕೆಂಡನ್ನು 20 ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ. ಗುಂಡು ಹೊರಬಿದ್ದ ಕೂಡಲೇ ನಳಿಗೆಯ ಒತ್ತಡ ಇಳಿದುಹೋಗುತ್ತದೆ. ಇಷ್ಟರೊಳಗೆ ರಾಡ್‌ಗೆ ಸಾಕಷ್ಟು ಒದೆ ಬೀಳಬೇಕು. ಕಡಿಮೆ ಬಿದ್ದರೆ ಬೋಲ್ಟ್ ಅರ್ಧಕ್ಕೇ ನಿಲ್ಲುತ್ತದೆ. ಜಾಸ್ತಿ ಬಿದ್ದರೆ ರಾಡೇ ಬಾಗುತ್ತದೆ. ಗರಾಂಡ್ ಇಟ್ಟುಕೊಂಡವರು ನಿದ್ದೆಯಲ್ಲೂ ಬೆಚ್ಚಿಬೀಳುವುದು ಈ ಬಾಗಿದ ರಾಡ್‌ಗೆ.

ನಮ್ಮ ಸೇನೆಯಲ್ಲಿ ಹಿಂದೆ ಇದ್ದ ಸೆಲ್ಫ್ ಲೋಡಿಂಗ್ ರೈಫಲ್, ಅಂದರೆ ಎಸ್‌ಎಲ್‌ಆರ್ ಹಿಡಿದ ಹಿರಿಯರು ಈಗ ನಗುತ್ತಿರುತ್ತಾರೆ. ಎಸ್‌ಎಲ್‌ಆರ್‌ನಲ್ಲಿ ಗ್ಯಾಸ್ ರೆಗ್ಯುಲೇಟರ್ ಇತ್ತು. ತಿರುಗಿಸಿದರೆ ಗ್ಯಾಸ್ ಹೆಚ್ಚು ಕಡಿಮೆ ಆಗುತ್ತಿತ್ತು. ಗರಾಂಡ್‌ನಲ್ಲಿ ಅದಿಲ್ಲ. ಕೊಟ್ಟಿದ್ದನ್ನು ತಿನ್ನಬೇಕು.

ಇದರೊಳಗೆ ಸೀಸದ ಗುಂಡು ಹಾಕಿದರೆ ಏನಾಗುತ್ತದೆ? ಇಲ್ಲಿ ನನಗೆ ಇಷ್ಟವಾದ ಭಾಗ ಬರುತ್ತದೆ. ಸ್ವಲ್ಪ ಎಳೆಯುತ್ತೇನೆ, ಎಳೆಯುವುದೇ ವಿಷಯ.

[ತೇರಿನ ಚಿತ್ರ]

ಗುಬ್ಬಿ ಚನ್ನಬಸವೇಶ್ವರನ ತೇರು ನೆನಪಿಸಿಕೊಳ್ಳಿ. ಅಥವಾ ಸಿದ್ಧಗಂಗೆ ಜಾತ್ರೆ ತೇರು. ನಿಂತ ತೇರನ್ನು ಕದಲಿಸಬೇಕು. ಒಂದು ಗುಂಪಿನವರು ಹುರುಪಿನ ಹುಡುಗರು. ಮೊದಲ ಕೂಗಿಗೇ ಇರೋಬರೋ ಶಕ್ತಿ ಹಾಕಿ ಜಗ್ಗುತ್ತಾರೆ. ತೇರು ಧಡಕ್ಕನೆ ಮುಂದೆ ಬರುತ್ತದೆ. ಹತ್ತು ಹೆಜ್ಜೆಗೆ ಎಲ್ಲರಿಗೂ ಏದುಸಿರು. ತೇರು ಬೀದಿ ತಿರುವು ಮುಟ್ಟುವ ಹೊತ್ತಿಗೆ ಹಗ್ಗದಲ್ಲಿ ಬಿಗಿಯೇ ಇಲ್ಲ. ಅದೂ ಅಲ್ಲದೆ, ಹಗ್ಗ ಹಳೇದಾಗಿದ್ದರೆ ಆ ಮೊದಲ ಜಗ್ಗಿಗೇ ಪಟ್ ಅನ್ನುತ್ತದೆ. ಇನ್ನೊಂದು ಗುಂಪು ವಯಸ್ಸಾದ ರೈತರದು. ನಿಧಾನಕ್ಕೆ ಹಗ್ಗಕ್ಕೆ ಭಾರ ಕೊಡುತ್ತಾರೆ. ಶುರುವಿನಲ್ಲಿ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆದರೆ ತಿರುವಿನ ಹತ್ತಿರ ಬಂದಾಗಲೂ ಅವರು ಎಳೆಯುತ್ತಲೇ ಇರುತ್ತಾರೆ.

ಮದ್ದಿನಲ್ಲೂ ಈ ಎರಡು ಜಾತಿ ಇವೆ. ಬೇಗ ಉರಿಯುವ ಮದ್ದು ಹುರುಪಿನ ಹುಡುಗರು. ಒತ್ತಡವೆಲ್ಲ ಮೊದಲ ಕೆಲವು ಇಂಚಿನಲ್ಲೇ ಏರಿ, ಗುಂಡು ತೂತಿನ ಬಳಿ ಬರುವಷ್ಟರಲ್ಲಿ ಇಳಿದಿರುತ್ತದೆ. ನಿಧಾನಕ್ಕೆ ಉರಿಯುವ ಮದ್ದು ರೈತರು. ಹಗ್ಗ ಯಾವುದು? ನಮ್ಮ ಸೀಸದ ಗುಂಡು. ಜೋರಾಗಿ ಜಗ್ಗಿದರೆ ಅದು, ಗುಂಡನ್ನು ತಿರುಗಿಸಲೆಂದು ನಳಿಗೆಯೊಳಗೆ ಕೊರೆದ ಸುರುಳಿ ಗೆರೆಗಳನ್ನು ಹಿಡಿಯದೆ ಜಾರುತ್ತದೆ. ಗ್ಯಾಸ್ ಅದರ ಪಕ್ಕದಿಂದ ಕೊರೆದುಕೊಂಡು ಮುಂದೆ ನುಗ್ಗುತ್ತದೆ. ನಳಿಗೆ ತುಂಬ ಸೀಸ ಮೆತ್ತಿಕೊಳ್ಳುತ್ತದೆ.

ತಾಮ್ರದ ಕವಚ ಇರುವ ಭಾರೀ ಗುಂಡಿಗೆ ತೀರಾ ನಿಧಾನದ ಮದ್ದು ಹಾಕಿದರೆ ತಿರುವಿನಲ್ಲೂ ಎಳೆತ ಜಾಸ್ತಿಯಾಗಿ ತೇರು ಕಡ್ಲೆಪುರಿ ಅಂಗಡಿಗೆ ನುಗ್ಗುತ್ತದೆ. ರಾಡ್ ಬಾಗುವುದು ಆಗಲೇ. ಗರಾಂಡ್ ವಿಷಯದಲ್ಲಿ 'ನಿಧಾನದ ಮದ್ದು ಬೇಡ' ಅಂತ ಎಲ್ಲರೂ ಹೆದರಿಸುವುದು ಇದಕ್ಕೇ. ಆದರೆ ಎರಕದ ಗುಂಡಿನ ಹಗುರ ಲೋಡ್‌ನಲ್ಲಿ (ಲೋಡ್ ಅಂದರೆ ಗುಂಡು, ಮದ್ದು ಸೇರಿದ ಜೋಡಣೆ) ಲೆಕ್ಕವೇ ಬೇರೆ. ಶುರುವಿನಲ್ಲಿ ಸೀಸವನ್ನು ಹಿಂಸಿಸಬಾರದು, ಕೊನೆಯಲ್ಲಿ ತೂತಿಗೆ ಗ್ಯಾಸ್ ಇರಬೇಕು. ಎರಡಕ್ಕೂ ಒಟ್ಟಿಗೆ ಹೊಂದುವ ಜಾಗ ಬಹಳ ಇಕ್ಕಟ್ಟು. ಕೈಯಿಂದ ಬೋಲ್ಟ್ ಎಳೆಯುವ ಹಳೇ ರೈಫಲ್ ಆಗಿದ್ದರೆ ಈ ತಲೆನೋವೇ ಇಲ್ಲ. ಗುಂಡು ಎಷ್ಟು ಮೆಲ್ಲಗೆ ಹೋದರೂ ಬೋಲ್ಟ್ ತೆರೆಯುವುದು ನಿಮ್ಮ ಕೈ. ಶಿರಾ ತಮ್ಮಾ, ನಿನ್ನ .22 ಗುಂಡು ಬರೀ ಸೀಸದಲ್ಲೇ ನಡೆಯುವುದಕ್ಕೂ ಕಾರಣ ಅದರ ವೇಗ ಕಡಿಮೆ ಇರುವುದು. ಹೆಚ್ಚು ಕಡಿಮೆ ಶಬ್ದದ ವೇಗದ ಆಸುಪಾಸು. ಗರಾಂಡ್ ಗುಂಡು ಅದರ ಎರಡು ಪಟ್ಟಿಗಿಂತ ಮೇಲೆ.

[ಮತ್ತೆ ಅಚ್ಚುಮೊಳೆ]

ಈಗ ನಮ್ಮ ಮೊಳೆ. ಹಗ್ಗ ಹಳೇದಾದರೆ ಗಟ್ಟಿ ಹಗ್ಗ ತರಬೇಕು, ಅಲ್ವಾ? ಶುದ್ಧ ಸೀಸ ಎಷ್ಟು ಮೆತ್ತಗೆ ಅಂದರೆ ಉಗುರಿನಲ್ಲಿ ಗೀರು ಹಾಕಬಹುದು. ಬ್ರಿನೆಲ್ ಅನ್ನುವ ಗಡಸುತನದ ಅಳತೆಯಲ್ಲಿ ಅದು ಸುಮಾರು 5. ಅದಕ್ಕೆ ತವರ, ಆಂಟಿಮನಿ ಬೆರೆಸಿದರೆ ಗಟ್ಟಿಯಾಗುತ್ತದೆ. ಅಮೆರಿಕದ ಎರಕದವರಿಗೆ ಚಿನ್ನದಷ್ಟು ಪ್ರೀತಿ ಇರುವ ಒಂದು ಮಿಶ್ರಣ ಇದೆ. ಸೀಸ 84 ಭಾಗ, ಆಂಟಿಮನಿ 12, ತವರ 4. ಗಡಸುತನ ಸುಮಾರು 22. ಇದನ್ನು ಬಂದೂಕಿನವರು ಕಂಡುಹಿಡಿಯಲಿಲ್ಲ. ಇದು ಲಿನೋಟೈಪ್ ಲೋಹ. ಪತ್ರಿಕೆ ಅಚ್ಚು ಹಾಕಲು ಸಾಲು ಸಾಲಾಗಿ ಅಕ್ಷರ ಎರಕ ಹೊಯ್ಯುವ ಯಂತ್ರದ ಲೋಹ!

ಯೋಚನೆ ಮಾಡಿ, ಅಚ್ಚಿನವರಿಗೆ ಬೇಕಿದ್ದುದು ಏನು? ಲೋಹ ಬೇಗ ಕರಗಬೇಕು. ಶುದ್ಧ ಸೀಸಕ್ಕೆ 327 ಡಿಗ್ರಿ ಬೇಕು, ಲಿನೋಟೈಪ್‌ಗೆ 240ರ ಹತ್ತಿರ ಸಾಕು. ಅಚ್ಚಿನ ಮೂಲೆಮೂಲೆಗೂ ಹರಿಯಬೇಕು. ಆರಿದಾಗ ಕುಗ್ಗಬಾರದು, ಕುಗ್ಗಿದರೆ ಅಕ್ಷರದ ಅಂಚು ಮೊಂಡಾಗುತ್ತದೆ. ಪ್ರೆಸ್ಸಿನ ಒತ್ತಡಕ್ಕೆ ಸವೆಯಬಾರದು. ಆಂಟಿಮನಿ ಸೇರಿದ್ದೇ ಈ ಕೆಲಸಕ್ಕೆ. ಗುಂಡಿನ ಎರಕಕ್ಕೆ ಬೇಕಿದ್ದುದೂ ಅಚ್ಚುಕಟ್ಟಾಗಿ ಇದೇ ಪಟ್ಟಿ. ಚೂಪಾದ ಅಂಚು, ಅಳತೆ ಕೆಡದ ಮೈ, ಗಡಸು.

[ಬೆರಳ ತುದಿಯಲ್ಲಿ ಮೊಳೆ ತಿರುಗಿಸುತ್ತಾ]

ಈ ಮೊಳೆ ಲಿನೋಟೈಪ್ ಅಲ್ಲ, ಕೈಯಲ್ಲಿ ಜೋಡಿಸುವ ಮೊಳೆ. ಇಂಥದಕ್ಕೆ ಆಂಟಿಮನಿ ಇನ್ನೂ ಜಾಸ್ತಿ ಹಾಕುತ್ತಾರೆ, ಯಾಕೆಂದರೆ ಇದನ್ನು ಮತ್ತೆ ಮತ್ತೆ ಬಳಸಬೇಕು. ಇಲ್ಲಿ ನೋಡಿ, 'ಕ್ಷ' ಅಕ್ಷರ. ತಿರುಗುಮುರುಗಾಗಿದೆ. ಒಳಗಿನ ಸುರುಳಿ ಇನ್ನೂ ಚೊಕ್ಕವಾಗಿದೆ, ಆದರೆ ಬಲಗಡೆ ಅಂಚು ಸವೆದು ಹೊಳೆಯುತ್ತಿದೆ. ಸವೆದ ಮೊಳೆಗಳನ್ನು ತೂಕಕ್ಕೆ ಹಾಕಿ ಮತ್ತೆ ಕರಗಿಸುತ್ತಿದ್ದರು. ಲಗ್ನಪತ್ರಿಕೆಯ 'ಶುಭ' ಮುಂದಿನ ವರ್ಷ ವೈಕುಂಠ ಸಮಾರಾಧನೆ ಕಾರ್ಡಿನ 'ಶೋಕ' ಆಗುತ್ತಿತ್ತು. ಅಮೆರಿಕದಲ್ಲಿ ಲಿನೋಟೈಪ್ ಯಂತ್ರಗಳು ಮೂಲೆ ಸೇರಿದಾಗ ಆ ಲೋಹದ ಬಹಳಷ್ಟು ಹೀಗೆ ಗುಂಡು ಎರಕದವರ ಕೈಗೆ ಹೋಯಿತು. ಸುದ್ದಿ ಅಚ್ಚಾಗುತ್ತಿದ್ದ ಲೋಹ ಕಾಗದದ ಗುರಿಹಲಗೆಗೆ ತೂತು ಹಾಕುತ್ತಿದೆ. ಪತ್ರಿಕೋದ್ಯಮದ ಬಗ್ಗೆ ಇಲ್ಲೊಂದು ಜೋಕ್ ಇತ್ತು, ಎಡಿಟರ್ ತೆಗೆದುಬಿಟ್ಟ.

ಗಡಸು ಒಂದೇ ಸಾಲದು. ಗುಂಡಿನ ಬುಡಕ್ಕೆ ತಾಮ್ರದ ಒಂದು ಪುಟ್ಟ ಬಟ್ಟಲು ಹಾಕಿ ಬಿಗಿಯುತ್ತಾರೆ. ಇದು ಗ್ಯಾಸ್ ಚೆಕ್. ಬಿಸಿ ಗ್ಯಾಸ್ ಮೊದಲು ತಾಗುವುದು ಬುಡಕ್ಕೆ, ಅದಕ್ಕೇ ಅಲ್ಲಿ ಕಾವಲು. ಗುಂಡಿನ ಅಳತೆಯೂ ನಳಿಗೆಗಿಂತ ಕೂದಲೆಳೆ ದಪ್ಪ ಇರಬೇಕು, ಇಂಚಿನ ಸಾವಿರದಲ್ಲಿ ಒಂದೆರಡು ಭಾಗ. ಸಂದು ಇದ್ದರೆ ಗ್ಯಾಸ್ ಅಲ್ಲಿಂದಲೇ ಕೊರೆಯುತ್ತದೆ.

ಇನ್ನು ಜಾರುವುದಕ್ಕೆ ಮೈಗೆ ಏನಾದರೂ ಸವರಬೇಕು. ಹಳೇ ಕಾಲದಿಂದ ಬಳಸುವುದು ಜೇನುಮೇಣ ಬೆರೆಸಿದ ಜಿಡ್ಡು. ಬೋಲ್ಟ್ ರೈಫಲ್‌ಗೆ ಬಹಳ ಚೆನ್ನ. ಗರಾಂಡ್‌ನಲ್ಲಿ ಆ ಜಿಡ್ಡು, ಮಸಿ, ತೂತಿನ ಅಂಚು ಹೆರೆದ ಸೀಸದ ಪುಡಿ, ಎಲ್ಲ ಸೇರಿ ಪಿಸ್ಟನ್ ಓಡಾಡುವ ಗ್ಯಾಸ್ ಸಿಲಿಂಡರ್‌ನಲ್ಲಿ ಕೂತುಕೊಳ್ಳುತ್ತದೆ. ಅದಕ್ಕೆ ಈಗ ಬಹಳ ಜನ ಮಾಡುವುದು ಪೌಡರ್ ಕೋಟಿಂಗ್. ಹೌದು, ನಮ್ಮ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾ ಥರದ ಕಡೆ ಕಬ್ಬಿಣದ ಕುರ್ಚಿಗೆ, ಗೇಟಿಗೆ ಹಾಕುತ್ತಾರಲ್ಲ, ಅದೇ ಬಣ್ಣದ ಪುಡಿ. ಗುಂಡಿನ ಮೇಲೆ ಉದುರಿಸಿ ಓವನ್‌ನಲ್ಲಿ ಸುಮಾರು 200 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಕೆಂಪು, ಹಸಿರು, ಗುಲಾಬಿ ಗುಂಡು. ನೋಡೋಕೆ ಪೆಪ್ಪರ್‌ಮಿಂಟ್. ಯುದ್ಧ ಗೆದ್ದ ರೈಫಲ್‌ಗೆ ಗುಲಾಬಿ ಗುಂಡು ತುಂಬುವುದನ್ನು ನೋಡಿದರೆ ನನಗೆ ನಗು ತಡೆಯುವುದಿಲ್ಲ. ಆದರೆ ಕೆಲಸ ಮಾಡುತ್ತದೆ.

[ಎಡಿಟರ್ ದನಿ: "ಹತ್ತು ನಿಮಿಷ ದಾಟಿತು!"]

ಆಯ್ತು ಮಾರಾಯ. ಉಳಿದಿದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ.

ತಿರುಗುವ ವೇಗ. ಗರಾಂಡ್ ನಳಿಗೆ ಗುಂಡನ್ನು 10 ಇಂಚಿಗೆ ಒಂದು ಸುತ್ತು ತಿರುಗಿಸುತ್ತದೆ. ಸೇನೆಯ ವೇಗದಲ್ಲಿ ಅದು ನಿಮಿಷಕ್ಕೆ ಹತ್ತಿರ ಹತ್ತಿರ 2 ಲಕ್ಷ ಸುತ್ತು. ಎರಕದೊಳಗೆ ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆ ಇದ್ದರೂ ಗುಂಡು ಓಲಾಡಿ ಗುರಿ ಬಿಟ್ಟು ಹೋಗುತ್ತದೆ. ಹಾಗಾಗಿ ಎರಕದವರು ಒಂದೊಂದು ಗುಂಡನ್ನೂ ತೂಕ ಹಾಕಿ ಹಗುರಾಗಿದ್ದನ್ನು ಮತ್ತೆ ಪಾತ್ರೆಗೆ ಹಾಕುತ್ತಾರೆ. ವೇಗವನ್ನೂ ಬೇಕಂತಲೇ ಇಳಿಸುತ್ತಾರೆ.

ಪ್ರೈಮರ್, ಅಂದರೆ ಕೇಸಿನ ಬುಡದಲ್ಲಿದ್ದು ಮದ್ದಿಗೆ ಕಿಡಿ ಕೊಡುವ ಪುಟ್ಟ ಗುಂಡಿ. ಅದನ್ನು ಹೊಡೆಯುವ ಮೊಳೆ, ಗರಾಂಡ್‌ನ ಫೈರಿಂಗ್ ಪಿನ್, ಸ್ಪ್ರಿಂಗ್ ಇಲ್ಲದೆ ಸಡಿಲವಾಗಿ ಓಡಾಡುತ್ತದೆ. ಬೋಲ್ಟ್ ಮುಚ್ಚುವಾಗ ಅದು ಪ್ರೈಮರ್‌ಗೆ ಮೆಲ್ಲಗೆ ತಟ್ಟುತ್ತದೆ. ಪ್ರೈಮರ್ ಸೂಕ್ಷ್ಮವಾಗಿದ್ದರೆ, ಇಲ್ಲ ಸರಿಯಾಗಿ ಕೂರದಿದ್ದರೆ, ಟ್ರಿಗರ್ ಮುಟ್ಟದೆಯೇ ಸಿಡಿಯಬಹುದು. ಗಡಸು ಪ್ರೈಮರ್ ಬೇಕು ಅನ್ನುವುದು ಇದಕ್ಕೇ. ಗುಂಡಿನ ಮೂತಿಯ ಆಕಾರವೂ ಮುಖ್ಯ. ಬೋಲ್ಟ್ ರಭಸಕ್ಕೆ ಸೀಸದ ಮೂತಿ ಒಳಗೆ ಹೋಗುವಾಗಲೇ ಜಜ್ಜಿಹೋಗಬಾರದು.

ಲೋಡ್ ಸರಿ ಇದೆಯಾ ಅಂತ ತಿಳಿಯುವುದು ಹೇಗೆ? ಕಾಗದದ ಗುರಿಹಲಗೆಗಿಂತ ಮೊದಲು ಖಾಲಿ ಕೇಸ್ ನೋಡುತ್ತಾರೆ. ಗ್ಯಾಸ್ ಸಾಲದಿದ್ದರೆ ಅದು ಬೋಲ್ಟ್‌ನಲ್ಲೇ ಸಿಕ್ಕಿಕೊಳ್ಳುತ್ತದೆ, ಇಲ್ಲ ಸುಮ್ನೆ ಕಾಲ ಬಳಿ ಬೀಳುತ್ತದೆ.

ಇಷ್ಟೆಲ್ಲ ಯಾಕೆ ಮಾಡುತ್ತಾರೆ? ದುಡ್ಡು ಉಳಿಸೋಕೆ ಅಂತ ಹೇಳುತ್ತಾರೆ. ಎರಕದ ಪಾತ್ರೆ, ಅಚ್ಚು, ಓವನ್, ತಕ್ಕಡಿ, ವೇಗ ಅಳೆಯುವ ಯಂತ್ರ ಇಷ್ಟನ್ನೂ ಕೊಂಡವರು ಈ ಮಾತು ಹೇಳಿದರೆ ಮನೆಯವರು ನಂಬಬಹುದು, ನಾನು ನಂಬುವುದಿಲ್ಲ.

ಕೊನೆಯದು, ಇದು ಬಂದೂಕಿಗೆ ಸಂಬಂಧ ಇಲ್ಲದವರಿಗೂ ಬೇಕು. ಸೀಸ ವಿಷ. ಮುಖ್ಯವಾಗಿ ಒಳಗೆ ಹೋಗುವುದು ಕೈಗೆ ಮೆತ್ತಿದ ಪುಡಿಯಿಂದ, ಪಾತ್ರೆ ಮೇಲೆ ಕಟ್ಟುವ ಕಿಟ್ಟದ ಧೂಳಿನಿಂದ. ಮಕ್ಕಳಿಗೆ ಅಪಾಯ ಇನ್ನೂ ಜಾಸ್ತಿ. ಮೀನಿನ ಗಾಳಕ್ಕೆ ಗುಂಡು ಮಾಡುತ್ತೇವೆ ಅಂತ ಹಳೇ ಬ್ಯಾಟರಿ ಒಡೆದು ಅಡುಗೆ ಒಲೆ ಮೇಲೆ ಸೀಸ ಕಾಯಿಸುವವರು ಇದ್ದಾರೆ. ಬ್ಯಾಟರಿ ಸೀಸದಿಂದ ಪ್ರಾಣ ತೆಗೆಯುವ ಗ್ಯಾಸ್ ಕೂಡ ಬರಬಹುದು. ಅದನ್ನು ಗುಜರಿಯವನಿಗೆ ಇಡಿಯಾಗಿ ಕೊಡಿ. ನಾನೂ ಈಗ ಈ ಮೊಳೆ ಕೆಳಗಿಟ್ಟು, ಕೈ ತೊಳೆದು, ಆಮೇಲೆ ಕಾಫಿ ಕುಡಿಯುತ್ತೇನೆ.

[ಕಟ್]